ಕುವೈತಿಗೆ ಹೊರಟ ನರ್ಸಮ್ಮ

ಬೆಳ್ತಂಗಡಿ
೧೦–೧೧–೧೯೬೩

ಚಿ. ಸೌ. ಸರಸಳಿಗೆ ನಿನ್ನ ಅಮ್ಮನ ಪ್ರೀತಿಯ ಆಶೀರ್ವಾದಗಳು.

ನಾನು ಗಟ್ಟಿಯಾಗಿದ್ದೇನೆ. ನೀನು, ಅಳಿಯಂದಿರು, ಮಗು, ನಿನ್ನ ಅತ್ತೆಯವರು ಎಲ್ಲರೂ ಸೌಖ್ಯವೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಗಳಿಗೂ ನಾನು ಉತ್ತರ ಬರೆಯಲಿಲ್ಲ. ಎರಡನೆಯದರಲ್ಲಿ "ಅಮ್ಮಾ, ನನ್ನ ಮೇಲೆ ಸಿಟ್ಟೇ?" ಎಂದು ಕೇಳಿದ್ದೀ. ಮಳೆಗಾಲ, ಕ್ಯಾಂಪು, ಕೈಬಿಡುವಿಲ್ಲ ಎಂದೆಲ್ಲ ಬರೆದು ನಾನು ತಪ್ಪಿಸಿಕೊಳ್ಳಬಹುದಿತ್ತು. ನಿಜ ಅದಲ್ಲ. ಹೇಳಬೇಕಾದ ಒಂದು ಸಂಗತಿ ಇತ್ತು. ಅದು ಆಗುತ್ತದೋ ಇಲ್ಲವೋ ಗೊತ್ತಿಲ್ಲದೆ ಹೇಳುವುದು ಹೇಗೆ ಎಂದು ಸುಮ್ಮನಿದ್ದೆ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಕೇಳುವವರಿಗೆ ನಾನು ಯಾವತ್ತೂ ಹೇಳುವುದು ಒಂದೇ ಮಾತು: "ಹೊರಗೆ ಬರಲಿ, ನೋಡುವ." ಇದೂ ಹಾಗೆಯೇ. ಈಗ ಹೊರಗೆ ಬಂದಿದೆ. ಕುಳಿತುಕೊಂಡು ಓದು.

ನನಗೆ ಕುವೈತಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ. ಡಿಸೆಂಬರ್ ಐದನೇ ತಾರೀಕು ಬೊಂಬಾಯಿಯಿಂದ ಹಡಗು.

ಈಗ ನೀನು ತಲೆಗೆ ಕೈ ಹಚ್ಚಿಕೊಂಡು "ಅಮ್ಮನಿಗೆ ಹುಚ್ಚು" ಎನ್ನುತ್ತೀ ಎಂದು ನನಗೆ ಗೊತ್ತು. ನಿನ್ನ ಭೋಜ ಮಾವನೂ ಅದನ್ನೇ ಹೇಳಿದ್ದು. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ. ಸುರುವಿನಿಂದಲೇ ಹೇಳುವೆ.

ಫರಂಗಿಪೇಟೆಯ ಸಫಿಯಮ್ಮನ ನೆನಪು ನಿನಗೆ ಇರಬಹುದು. ನಾನು ಬಂಟ್ವಾಳದ ಆಸ್ಪತ್ರೆಯಲ್ಲಿದ್ದಾಗ ಒಂದು ವರ್ಷ ನೇತ್ರಾವತಿಗೆ ನೆರೆ ಬಂದು ರಸ್ತೆಯೇ ಮುಳುಗಿತ್ತಲ್ಲ, ಆಗ ಆಕೆಯ ಸೊಸೆ ಜುಲೈಕಾಳ ಹೆರಿಗೆಗೆ ನನ್ನನ್ನು ದೋಣಿಯಲ್ಲಿ ಕರೆದುಕೊಂಡು ಹೋಗಿದ್ದರು. ಮಗು ಕಾಲು ಮುಂದಾಗಿ ಬಂದಿತ್ತು. ಆ ಮಗುವಿಗೆ ಈಗ ಎಂಟು ವರ್ಷ. ಕಳೆದ ಮೇ ತಿಂಗಳಲ್ಲಿ ಸಫಿಯಮ್ಮ ತನ್ನ ಮಗನನ್ನು ಕರೆದುಕೊಂಡು ನನ್ನ ಕ್ವಾರ್ಟರ್ಸಿಗೆ ಬಂದಳು. ಮಗ ಅಂದರೆ ಜುಲೈಕಾಳ ಗಂಡ, ಅಬ್ದುಲ್ ರವೂಫ್. ಅವನು ಕುವೈತಿನ ಆಸ್ಪತ್ರೆಯಲ್ಲಿ ಔಷಧದ ಉಗ್ರಾಣ ನೋಡಿಕೊಳ್ಳುತ್ತಾನೆ. ರಜೆಯಲ್ಲಿ ಬಂದಿದ್ದ. ಖರ್ಜೂರದ ಪೊಟ್ಟಣ ಮೇಜಿನ ಮೇಲಿಟ್ಟು, "ನರ್ಸಮ್ಮ, ನಿಮ್ಮ ಹತ್ರ ಒಂದು ಮಾತು ಕೇಳ್ಲಿಕ್ಕುಂಟು" ಎಂದ.

ಅವರ ಆಸ್ಪತ್ರೆಗೆ ಹೆರಿಗೆ ಮಾಡಿಸುವ ಹೆಂಗಸರು ಬೇಕಂತೆ. ಅಲ್ಲಿನ ಹೆಂಗಸರು ಗಂಡು ಡಾಕ್ಟರನ್ನು ಬಾಗಿಲ ಹತ್ತಿರವೂ ಸೇರಿಸುವುದಿಲ್ಲವಂತೆ. "ಅಲ್ಲಿಗೆ ಬಂದ ಎಷ್ಟೋ ನರ್ಸುಗಳು ಪರೀಕ್ಷೆ ಪಾಸಾದವರು. ಆದ್ರೆ ಕೈ ನಡುಗ್ತದೆ. ನಿಮ್ಮ ಕೈ ನಡುಗುವುದಿಲ್ಲ ಅಂತ ನನ್ನ ಉಮ್ಮ ಹೇಳ್ತಾರೆ. ನೀವು ಅರ್ಜಿ ಹಾಕ್ಬೇಕು" ಎಂದು ಒಂದು ಫಾರಂ ಮುಂದಿಟ್ಟ.

"ನಾನಾ? ಈ ವಯಸ್ಸಿಗಾ?" ಎಂದೆ.

ಸಫಿಯಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು, "ವಯಸ್ಸಿನ ಲೆಕ್ಕ ಹೆರುವವಳಿಗೆ ಮಾರಾಯ್ತಿ, ಹೆರಿಸುವವಳಿಗೆ ಎಂಥದ್ದು?" ಎಂದಳು.

ಅವರು ಹೋದ ಮೇಲೆ ಆ ಫಾರಮನ್ನು ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗಿಟ್ಟೆ. ಒಂಬತ್ತು ದಿನ ತೆಗೆಯಲಿಲ್ಲ. ಆದರೆ ಸರಸಾ, ಆ ಒಂಬತ್ತು ದಿನವೂ ನನ್ನ ನಡಿಗೆ ಬೇರೆಯಾಗಿತ್ತು. ಅಳದಂಗಡಿಯಲ್ಲಿ, ಗುರುವಾಯನಕೆರೆಯಲ್ಲಿ ಗದ್ದೆಯ ಕಟ್ಟಪುಣಿಯ ಮೇಲೆ ಬ್ಯಾಗು ಹಿಡಿದು ನಡೆಯುವಾಗ ಒಬ್ಬಳೇ ನಗುತ್ತಿದ್ದೆ. ನಿನ್ನ ಅಪ್ಪ ತೀರಿಕೊಂಡಾಗ ನನಗೆ ಇಪ್ಪತ್ತಮೂರು. ಮಂಗಳೂರಿನಲ್ಲಿ ಹೆರಿಗೆ ಕೆಲಸ ಕಲಿತು ಬಂದ ಮೇಲೆ ಮೂಡಬಿದ್ರೆ, ಬಂಟ್ವಾಳ, ಬೆಳ್ತಂಗಡಿ ಎಂದು ಹದಿನೇಳು ವರ್ಷ ಕಳೆದೆ. ಸರಕಾರ ವರ್ಗ ಮಾಡಿದಲ್ಲಿಗೆ ಹೋದೆ, ಕರೆದವರ ಮನೆಗೆ ಹೋದೆ. ನನಗೆ ಎಲ್ಲಿಗೆ ಹೋಗಬೇಕು ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಈಗ ಕೇಳಿಕೊಂಡಾಗ ಒಳಗಿನಿಂದ "ಹೋಗುವ" ಎಂದು ಉತ್ತರ ಬಂತು. ನನಗೇ ನಾಚಿಕೆಯಾಯಿತು.

ಹತ್ತನೇ ದಿನ ಫಾರಂ ತುಂಬಿಸಿದೆ. ಅದರಲ್ಲಿ ವಯಸ್ಸು ನಲವತ್ತು ಮೀರಿರಬಾರದು ಎಂದಿತ್ತು. ನನಗೆ ನಲವತ್ತೊಂದು. ನಮ್ಮ ಆಸ್ಪತ್ರೆಯ ಗುಮಾಸ್ತರು, "ಒಂದು ವರ್ಷ ಅಲ್ವಾ ಅಮ್ಮಣ್ಣಿಯಮ್ಮ, ನಲವತ್ತು ಅಂತ ಹಾಕಿ. ಅರಬ್ಬಿಯವರು ಬೆಳ್ತಂಗಡಿಗೆ ಬಂದು ಜಾತಕ ನೋಡ್ಲಿಕ್ಕುಂಟಾ?" ಎಂದರು. ಪೆನ್ನು ಎತ್ತಿದೆ, ಆದರೆ ಬರೆಯಲು ಮನಸ್ಸು ಬರಲಿಲ್ಲ. ನಲವತ್ತೊಂದು ಎಂದೇ ಬರೆದೆ.

ಪಾಸ್‌ಪೋರ್ಟಿನ ಕಥೆಯನ್ನು ಕೇಳಿದರೆ ನೀನು ನಗುತ್ತೀ. ಅರ್ಜಿ ಹಾಕಿದವರ ನಡತೆ ಹೇಗೆ ಎಂದು ಪೊಲೀಸರು ವಿಚಾರಿಸಬೇಕಂತೆ. ಹೆಡ್ ಕಾನ್‌ಸ್ಟೇಬಲ್ ಚಿನ್ನಯ್ಯ ಟೊಪ್ಪಿ ಸರಿಮಾಡಿಕೊಂಡು ಬಂದು ಕುರ್ಚಿಯ ತುದಿಯಲ್ಲಿ ಕುಳಿತ. ಅವನ ಇಬ್ಬರು ಮಕ್ಕಳೂ ನನ್ನ ಕೈಯಲ್ಲಿ ಹುಟ್ಟಿದವರು. ಕಾಗದ ಬಿಡಿಸಿ, ನನ್ನ ಮುಖ ನೋಡದೆ, "ನಿಮ್ಮ ಮೇಲೆ ಕೇಸು ಗೀಸು ಏನಾದ್ರೂ ಉಂಟಾ?" ಎಂದು ಕೇಳಿದ.

"ನಿನಗೆ ಗೊತ್ತಿಲ್ಲದ್ದು ಯಾವುದುಂಟು ಚಿನ್ನಯ್ಯ?" ಎಂದೆ.

"ಹಾಗಲ್ಲ ಅಮ್ಮಾ, ಕೇಳ್ಬೇಕು ಅಂತ ರೂಲು. ನೆರೆಕರೆಯಲ್ಲಿ ಕೂಡ ವಿಚಾರಿಸ್ಬೇಕು." ಆಮೇಲೆ ಸ್ವರ ತಗ್ಗಿಸಿ, "ನನ್ನ ಹೆಂಡತಿಯನ್ನು ವಿಚಾರಿಸಿದೆ. ಏನಾದ್ರೂ ಹೆಚ್ಚುಕಡಿಮೆ ಬರೆದ್ರೆ ಠಾಣೆಯಲ್ಲೇ ಮಲಗಿ, ಮನೆಗೆ ಬರ್ಬೇಡಿ ಅಂದಿದ್ದಾಳೆ" ಎಂದ. ಚಾ ಕುಡಿದು, ಇವರ ನಡತೆ ಉತ್ತಮ ಎಂದು ಬರೆದು, ಅದನ್ನೇ ಎರಡು ಸಲ ಗಟ್ಟಿಯಾಗಿ ಓದಿ ಹೇಳಿ ಹೋದ.

ಆಗಸ್ಟ್ ಕೊನೆಗೆ ಬೊಂಬಾಯಿಗೆ ಸಂದರ್ಶನಕ್ಕೆ ಬರಬೇಕೆಂದು ಕಾಗದ ಬಂತು. ಅದುವರೆಗೆ ನಾರಾವಿಯ ತವರುಮನೆಗೆ ಸುದ್ದಿ ಕೊಟ್ಟಿರಲಿಲ್ಲ. ಇನ್ನು ಮುಚ್ಚಿಡುವುದು ಸರಿಯಲ್ಲವೆಂದು ಒಂದು ಆದಿತ್ಯವಾರ ಬಸ್ಸು ಹತ್ತಿ ಹೋದೆ. ನಿನ್ನ ಮಾವ ಚಾವಡಿಯಲ್ಲಿ ಕುಳಿತಿದ್ದ. ಹೇಳಿದೆ. ಅವನ ಬಾಯಿಯಲ್ಲಿದ್ದ ವೀಳ್ಯ ಅಲ್ಲಿಯೇ ನಿಂತಿತು.

"ಕಂಡವರ ಹೆರಿಗೆ ಮಾಡಿಸ್ಲಿಕ್ಕೆ ಕಡಲು ದಾಟ್ಬೇಕಾ? ಇಲ್ಲಿ ಹೆಂಗಸರು ಹೆರುವುದನ್ನು ನಿಲ್ಲಿಸಿದ್ದಾರಾ?"

"ಅಲ್ಲಿಯೂ ನಿಲ್ಲಿಸಿಲ್ಲ ಅಣ್ಣ," ಎಂದೆ.

"ನಗುವ ವಿಷಯ ಅಲ್ಲ ಇದು! ನಿನಗೆ ಹುಚ್ಚು. ಈ ಮನೆಯಿಂದ ಯಾವ ಹೆಂಗಸೂ ನೌಕರಿಗೆ ಹೋದದ್ದಿಲ್ಲ. ನಿನ್ನನ್ನು ಬಿಟ್ಟೆ. ಬಿಟ್ಟದ್ದೇ ಹೆಚ್ಚಾಯ್ತು."

ಆಗ ನಿನ್ನ ಕುಸುಮ ಅತ್ತೆ ಒಳಗಿನಿಂದ ಬಂದಳು. ಇಷ್ಟು ವರ್ಷದಲ್ಲಿ ಅವಳು ಗಂಡನ ಎದುರು ನಿಂತು ಮಾತಾಡಿದ್ದನ್ನು ನಾನು ಕಂಡಿಲ್ಲ. ನೀರಿನ ಚೆಂಬನ್ನು ಜಗಲಿಯ ಮೇಲೆ ಕುಕ್ಕಿಯೇ ಬಿಟ್ಟಳು. "ನಾಲ್ಕು ಮಕ್ಕಳನ್ನು ನಾನು ಹೆತ್ತದ್ದು ಅಮ್ಮಣ್ಣಿಯ ಕೈಯಲ್ಲಿ. ಮೂರನೆಯದರ ಸಮಯ ನನ್ನ ಜೀವ ಹೋಗಿ ಬಂದದ್ದು. ನೀವು ಆಗ ಎಲ್ಲಿದ್ರಿ? ಇದೇ ಚಾವಡಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ತಾ ಇದ್ರಿ. ಅವಳು ಎಲ್ಲಿಗೆ ಹೋಗ್ಬೇಕು, ಎಲ್ಲಿಗೆ ಹೋಗ್ಬಾರ್ದು ಅಂತ ಹೇಳ್ಲಿಕ್ಕೆ ನಿಮಗೆ ಯಾವ ಬಾಯಿ ಉಂಟು?"

ಮಾವ ಎದ್ದು ಗದ್ದೆಯ ಕಡೆಗೆ ಹೋದ. ಮಧ್ಯಾಹ್ನ ಊಟಕ್ಕೆ ಬಂದವನು ತಲೆ ಎತ್ತದೆ ಉಂಡ. ಕೈ ತೊಳೆಯುವಾಗ ಮಾತ್ರ ಹೇಳಿದ: "ಒಬ್ಬಳೇ ಬೊಂಬಾಯಿಗೆ ಹೋಗುವುದು ಬೇಡ. ನಾನೂ ಬರ್ತೇನೆ. ನಿನಗೆ ಆ ಕೆಲಸ ಸಿಗ್ಲಿಕ್ಕಿಲ್ಲ. ಸಿಗದೆ ವಾಪಸು ಬರುವಾಗ ಜತೆಗೆ ಒಬ್ರು ಬೇಕಲ್ಲ."

ಕರಿಯಮ್ಮನ ಮಗಳಿಗೆ ನೋವು ಸುರುವಾಯಿತೆಂದು ಗುರುವಾಯನಕೆರೆಯಿಂದ ಜನ ಬಂದದ್ದರಿಂದ ನಿನ್ನೆ ಇಲ್ಲಿಗೆ ನಿಲ್ಲಿಸಿದ್ದೆ. ಹೆಣ್ಣು ಮಗು. ತೂಕ ಚೆನ್ನಾಗಿದೆ. ಈಗ ಬೆಳಗಿನ ಗಂಜಿ ಉಂಡು ಮತ್ತೆ ಕುಳಿತಿದ್ದೇನೆ.

ನೀನಿರುವ ಬೊಂಬಾಯಿಗೇ ನಾವು ಬಂದಿದ್ದೆವು ಎಂದು ಓದಿ ನಿನಗೆ ಆಶ್ಚರ್ಯವಾಗಬಹುದು. ನಿನಗೆ ಯಾಕೆ ತಿಳಿಸಲಿಲ್ಲ ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಸಂದರ್ಶನದ ವಿಷಯ ಕೇಳು.

ಚಾರ್ಮಾಡಿ ಘಾಟಿ ಹತ್ತಿ, ಕಡೂರಿಗೆ ಹೋಗಿ, ರೈಲು ಹಿಡಿದು ಬಂದೆವು. ದಾರಿಯುದ್ದಕ್ಕೂ ಮಾವ ಕೊಡೆಯನ್ನು ಮಡಿಲಲ್ಲಿಟ್ಟುಕೊಂಡು, "ಇಂಗ್ಲೀಷಿನಲ್ಲಿ ಕೇಳಿದ್ರೆ ಎಂಥ ಹೇಳ್ತಿ?" ಎಂದು ನನ್ನನ್ನು ಹೆದರಿಸುತ್ತಲೇ ಇದ್ದ. ಸಂದರ್ಶನ ಕೋಟೆ ಬೀದಿಯ ಕಡೆ ಒಂದು ದೊಡ್ಡ ಕಟ್ಟಡದ ಮೂರನೇ ಮಾಳಿಗೆಯಲ್ಲಿ. ಹೊರಗೆ ಬೆಂಚಿನಲ್ಲಿ ನಲವತ್ತು ಐವತ್ತು ಹುಡುಗಿಯರು. ಬಿಳಿ ಸೀರೆ, ಕೈಗಡಿಯಾರ, ಹೆಚ್ಚಿನವರು ಮಲೆಯಾಳದವರು. ಎಲ್ಲರೂ ನಿನ್ನ ಪ್ರಾಯದವರು. ಒಬ್ಬಳು ಎದ್ದು ನನಗೆ ಜಾಗ ಕೊಟ್ಟಳು. ಮಗಳನ್ನು ಕರೆದುಕೊಂಡು ಬಂದವಳೆಂದು ಎಣಿಸಿದ್ದಳು.

ಒಳಗೆ ಇಬ್ಬರಿದ್ದರು. ಒಬ್ಬಾಕೆ ಈಜಿಪ್ಟಿನ ಲೇಡಿ ಡಾಕ್ಟರ್, ದುಂಡು ಮೈ, ನಗುವ ಕಣ್ಣು. ಮತ್ತೊಬ್ಬರು ಟೈ ಕಟ್ಟಿದ ಬೊಂಬಾಯಿಯ ಆಫೀಸರು. ಹೆಸರು, ಊರು, ಎಷ್ಟು ವರ್ಷದ ಅನುಭವ, ಇಷ್ಟಕ್ಕೆಲ್ಲ ಇಂಗ್ಲೀಷಿನಲ್ಲೇ ಉತ್ತರ ಕೊಟ್ಟೆ. ಆಮೇಲೆ ಡಾಕ್ಟರು ಕೇಳಿದರು: "ಮಗು ಕಾಲು ಮುಂದಾಗಿ ಬಂದರೆ ಏನು ಮಾಡುತ್ತೀರಿ?"

ಕೇಳಿದ್ದು ಅರ್ಥವಾಯಿತು. ಉತ್ತರವೂ ಕೈಯಲ್ಲಿತ್ತು. ಆದರೆ ಬಾಯಿಗೆ ಒಂದು ಇಂಗ್ಲೀಷ್ ಶಬ್ದ ಬರಲಿಲ್ಲ. ಹಿಂದಿ ಪ್ರಚಾರದ ಪರೀಕ್ಷೆಯಲ್ಲಿ ಕಲಿತ ಹಿಂದಿಯಲ್ಲಿ ಇದಕ್ಕೆ ಬೇಕಾದ ಶಬ್ದಗಳೇ ಇರಲಿಲ್ಲ. ಡಾಕ್ಟರು ಕಾದರು. ಆಫೀಸರು ಗಡಿಯಾರ ನೋಡಿದರು. ಹೋಯಿತು, ಮಾವ ಹೇಳಿದ್ದೇ ಸರಿ ಎಂದುಕೊಂಡೆ.

ಆಗ ಸೋಫಾದ ಮೇಲಿದ್ದ ದಿಂಬು ಕಣ್ಣಿಗೆ ಬಿತ್ತು. ಅದರ ಚೀಲ ಕಳಚಿದೆ. ಕೈ ಒರೆಸುವ ಟವೆಲನ್ನು ತೆಗೆದು ಒಂದು ತುದಿಗೆ ಗಂಟು ಹಾಕಿ ತಲೆ ಮಾಡಿದೆ, ಇನ್ನೊಂದು ತುದಿಯನ್ನು ಎರಡು ಕಾಲು ಮಾಡಿ, ಕಾಲು ಹೊರಗೆ ಬರುವ ಹಾಗೆ ಚೀಲದೊಳಗೆ ಇಟ್ಟೆ. ನೆಲದ ಮೇಲೆ ಮಂಡಿಯೂರಿದೆ. ಎಳೆಯಬಾರದು. ಮೊದಲು ಕೈ ಕಟ್ಟಿ ಕಾಯಬೇಕು, ಅದೇ ಕಷ್ಟದ ಕೆಲಸ. ಕಾದೆ. ಬೆಚ್ಚಗಿನ ಬಟ್ಟೆ ಬೇಕೆಂದು ಸೆರಗನ್ನೇ ಸುತ್ತಿದೆ. ಒಂದು ಭುಜ, ಮೆಲ್ಲ ತಿರುಗಿಸಿ ಮತ್ತೊಂದು ಭುಜ. ಇನ್ನು ಉಳಿದದ್ದು ತಲೆ. ಅಷ್ಟರಲ್ಲಿ ನನಗೆ ಬೊಂಬಾಯಿ ಮರೆತುಹೋಗಿತ್ತು. ಎದುರಿಗೆ ಯಾವುದೋ ಮನೆಯ ಹೆಂಗಸು ಇದ್ದ ಹಾಗೆಯೇ, ತುಳುವಿನಲ್ಲಿ ಗಂಟಲು ಬಿಚ್ಚಿ, "ಇನ್ನೊಮ್ಮೆ ಮಗಾ! ಬಿಡಬೇಡ! ಇನ್ನೊಮ್ಮೆ! ಬಂತು, ಬಂತು!" ಎಂದು ಕೂಗಿಬಿಟ್ಟೆ.

ಬಾಗಿಲು ದಡಕ್ಕನೆ ತೆರೆಯಿತು. ನಿನ್ನ ಮಾವ! ತಂಗಿಗೆ ಒಳಗೆ ಯಾರೋ ಏನೋ ಮಾಡಿದರೆಂದು ಕೊಡೆಯನ್ನು ಕತ್ತಿಯ ಹಾಗೆ ಹಿಡಿದು ನುಗ್ಗಿದ್ದಾನೆ. ನಾನು ನೆಲದ ಮೇಲೆ, ಕೈಯಲ್ಲಿ ಆಗಷ್ಟೇ ಹುಟ್ಟಿದ ಟವೆಲು.

"ಇವರು ಯಾರು?" ಎಂದರು ಡಾಕ್ಟರು.

"ನನ್ನ ಅಣ್ಣ."

"ಇವರೂ ಹೆರಿಗೆ ಮಾಡಿಸುವವರೇ?"

ಆಫೀಸರು ನಗು ತಡೆದುಕೊಂಡು ಅದನ್ನು ಹಿಂದಿಯಲ್ಲಿ ಮಾವನಿಗೆ ಕೇಳಿದರು. ಮಾವನಿಗೆ ಗೊತ್ತಿದ್ದ ಹಿಂದಿ ಎರಡೇ ಶಬ್ದ. ಕೊಡೆ ಕೆಳಗಿಳಿಸಿ, ಗಂಭೀರವಾಗಿ, "ಹಾಂ ಜೀ" ಎಂದ.

ಡಾಕ್ಟರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನನ್ನ ಫಾರಂ ನೋಡಿ, "ನಲವತ್ತೊಂದು ಎಂದು ಬರೆದಿದ್ದೀರಿ. ನಿಯಮ ನಲವತ್ತು" ಎಂದರು. ಇಂಗ್ಲೀಷು ಹಿಂದಿ ಕಲಸಿ ನಾನು ಹೇಳಿದ್ದು ಇಷ್ಟು: "ಹೌದು ಅಮ್ಮಾ. ಆದರೆ ಇಷ್ಟು ವರ್ಷ ಆಗದೆ ಈ ಕೈ ಹೀಗೆ ಆಗುವುದಿಲ್ಲ." ಅವರು ನನ್ನ ಎರಡೂ ಕೈ ಹಿಡಿದು, ಅಂಗೈ ಮಗುಚಿ ನೋಡಿ, "ಮಬ್ರೂಕ್" ಎಂದರು.

ಮಬ್ರೂಕ್ ಎಂದರೆ ಏನೆಂದು ನನಗೆ ಹೇಗೆ ಗೊತ್ತು? ಅವರ ಭಾಷೆಯಲ್ಲಿ "ಆಗುವುದಿಲ್ಲ" ಎಂದಿರಬೇಕೆಂದು ಎಣಿಸಿದೆ. ಕೈ ಮುಗಿದು ಹೊರಗೆ ಬಂದೆ. ವಾಪಸು ಬರುವ ರೈಲಿನಲ್ಲಿ ಮಾವ ಪೂನಾದವರೆಗೆ ವೀಳ್ಯ ಜಗಿಯುತ್ತಾ ಕುಳಿತಿದ್ದ. ಆಮೇಲೆ, "ಕೊಡದಿದ್ರೆ ಅವರಿಗೇ ನಷ್ಟ. ನೀನು ಆ ಟವೆಲನ್ನು ಹಿಡಿದ ಹಾಗೆ ಹಿಡಿಯುವವರು ಅಲ್ಲಿ ಹೊರಗೆ ಬೆಂಚಿನಲ್ಲಿ ಒಬ್ರೂ ಇರ್ಲಿಲ್ಲ" ಎಂದ. ನನ್ನ ಕೆಲಸವನ್ನು ಅವನು ಕಣ್ಣಾರೆ ಕಂಡದ್ದು ಇದೇ ಮೊದಲು. ನಾಲ್ಕು ಮಕ್ಕಳ ತಂದೆ.

ಊರಿಗೆ ಬಂದ ಮೇಲೆ ಬಂಟ್ವಾಳಕ್ಕೆ ಹೋದವಳು ಫರಂಗಿಪೇಟೆಗೂ ಹೋಗಿ ಸಫಿಯಮ್ಮನನ್ನು ಕೇಳಿದೆ. "ಮಬ್ರೂಕ್ ಅಂದ್ರೆ ಮುಬಾರಕ್ ಮಾರಾಯ್ತಿ! ಶುಭವಾಗಲಿ ಅಂತ! ಅಷ್ಟೂ ಗೊತ್ತಿಲ್ಲದೆ ಅಳುಮುಖ ಮಾಡ್ಕೊಂಡು ತಿರುಗಿದ್ಯಾ?" ಎಂದು ನನ್ನ ಬೆನ್ನಿಗೆ ಒಂದು ಗುದ್ದಿದಳು. ಆದರೂ ವಯಸ್ಸಿನ ನಿಯಮ ಸಡಿಲಿಸಲು ಕುವೈತಿನಿಂದಲೇ ಒಪ್ಪಿಗೆ ಬರಬೇಕಿತ್ತು. ಒಂದು ತಿಂಗಳು ಕಾದೆ. ಕಾಲು ಮುಂದಾಗಿ ಬಂದ ಮಗುವನ್ನು ಕಾಯುವುದಕ್ಕಿಂತ ಕಷ್ಟ.

ಒಪ್ಪಿಗೆ ಬಂದ ದಿನ ನಾನು ಮುಂಡಾಜೆಯಲ್ಲಿದ್ದೆ. ಅಲ್ಲಿ ಒಬ್ಬಳು ಚೊಚ್ಚಲ ಬಸುರಿ, ಬೆಳಗಿನಿಂದ ನೋವು. ಹನ್ನೊಂದು ಗಂಟೆಯ ಹೊತ್ತಿಗೆ ಅಂಗಳದಲ್ಲಿ "ನರ್ಸಮ್ಮಾ, ರಿಜಿಸ್ಟರ್ಡ್ ಉಂಟು!" ಎಂದು ಸ್ವರ ಕೇಳಿತು. ನಮ್ಮ ಪೋಸ್ಟ್‌ಮ್ಯಾನ್ ಯಾಕೂಬ್. ಬೆಳ್ತಂಗಡಿಯಲ್ಲಿ ನಾನಿಲ್ಲವೆಂದು ಚಾರ್ಮಾಡಿ ಬಸ್ಸು ಹತ್ತಿ ಬಂದುಬಿಟ್ಟಿದ್ದಾನೆ.

"ಕೈಬಿಡುವಿಲ್ಲ ಯಾಕೂಬ್, ಸೈನು ಆಮೇಲೆ ಹಾಕ್ತೇನೆ. ಒಡೆದು ನೀನೇ ಓದು," ಎಂದು ಒಳಗಿನಿಂದ ಕೂಗಿದೆ. ರೂಲು ಹಾಗಿಲ್ಲ ಎಂದು ಸ್ವಲ್ಪ ಗೊಣಗಿದ. ಆಮೇಲೆ ಒಡೆದ. ಇಂಗ್ಲೀಷನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಾ ಹೋದವನು ಒಮ್ಮೆಲೇ, "ಆಯ್ತು ನರ್ಸಮ್ಮಾ! ಆಯ್ತು! ಕೆಲಸ ಆಯ್ತು! ಡಿಸೆಂಬರಿಗೆ ಹೋಗ್ಲಿಕ್ಕೆ ಬರೆದಿದ್ದಾರೆ!" ಎಂದು ಕಿರುಚಿದ.

ಹೆರುವವಳು ನನ್ನ ಮಣಿಕಟ್ಟನ್ನು ಗಪ್ಪನೆ ಹಿಡಿದಳು. "ನನ್ನದು ಮುಗಿಯದೆ ನೀವು ಎಲ್ಲಿಗೂ ಹೋಗ್ಲಿಕ್ಕಿಲ್ಲ!" ಎಂದಳು. ನೋವಿನ ನಡುವೆ ನಾನೂ ನಕ್ಕೆ, ಅವಳೂ ನಕ್ಕಳು. ನಕ್ಕ ರಭಸಕ್ಕೋ ಏನೋ, ಕಾಲು ಗಂಟೆಯಲ್ಲಿ ಮಗು ಬಂತು. ಗಂಡು. ಕೈ ತೊಳೆದು, ಯಾಕೂಬನ ಪುಸ್ತಕದಲ್ಲಿ ಸೈನು ಹಾಕಿದೆ. ಆ ಮನೆಯ ಅಜ್ಜಿ ಇಬ್ಬರಿಗೂ ಒಂದೇ ತಟ್ಟೆಯಲ್ಲಿ ಬೆಲ್ಲ ಕೊಟ್ಟಳು. ಒಂದು ತುಂಡು ಮಗುವಿನ ಲೆಕ್ಕಕ್ಕೆ, ಒಂದು ನನ್ನ ಲೆಕ್ಕಕ್ಕೆ.

ಈಗ ರಾಜೀನಾಮೆ ಕೊಟ್ಟಾಗಿದೆ. ನನ್ನ ಜಾಗಕ್ಕೆ ಪುತ್ತೂರಿನಿಂದ ಒಬ್ಬಳು ಬರುತ್ತಾಳೆ. ಅವಳಿಗೆ ಯಾವ ಮನೆಗೆ ಯಾವ ಕಾಲುದಾರಿ, ಯಾವ ಮನೆಯ ನಾಯಿ ಕಚ್ಚುತ್ತದೆ ಎಂದೆಲ್ಲ ಬರೆದು ಕೊಡುತ್ತಿದ್ದೇನೆ. ಏಳು ತಿಂಗಳಾದ ಒಬ್ಬಳು ಬಂದು, ನೀವು ಹೋಗುವುದಕ್ಕೆ ಮೊದಲೇ ಹೆತ್ತುಬಿಡುತ್ತೇನೆ ಎಂದು ಹಟ ಮಾಡಿದಳು. ಗಡಿಬಿಡಿ ಮಾಡಬೇಡ, ಎಲ್ಲದಕ್ಕೂ ಅದರದ್ದೇ ಸಮಯ ಉಂಟು ಎಂದು ಸಮಾಧಾನ ಮಾಡಿ ಕಳಿಸಿದೆ. ಜುಲೈಕಾ ನನಗೆ ದಿನಕ್ಕೆ ನಾಲ್ಕು ಅರಬ್ಬಿ ಶಬ್ದ ಬರೆದು ಕಳಿಸುತ್ತಾಳೆ. "ಶ್ವೈ ಶ್ವೈ" ಎಂದರೆ ಮೆಲ್ಲ ಮೆಲ್ಲ. ಅದೊಂದು ಗೊತ್ತಿದ್ದರೆ ನನ್ನ ಅರ್ಧ ಕೆಲಸ ನಡೆಯುತ್ತದೆ. ಭೋಜ ಮಾವ ನಾರಾವಿ ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ, "ನನ್ನ ತಂಗಿ ಟವೆಲಿಗೇ ಹೆರಿಗೆ ಮಾಡಿಸಿದವಳು ಮಾರಾಯ" ಎಂದು ಹೇಳಿಕೊಂಡು ತಿರುಗುತ್ತಾನಂತೆ. ಬಂದರಿಗೆ ಕಳಿಸಲು ಅವನೇ ಬರುತ್ತಾನೆ.

ನೀನು ಕಳಿಸಿದ ಮಗುವಿನ ಫೋಟೋ ಸಿಕ್ಕಿತು. ಕಿವಿ ನಿನ್ನ ಅಪ್ಪನದ್ದು. ಈಗ ನಾಲ್ಕು ತಿಂಗಳು, ಕುತ್ತಿಗೆ ಗಟ್ಟಿಯಾಗಿರಬೇಕು. ತಲೆಗೆ ಎಣ್ಣೆ ಹಚ್ಚುವಾಗ ನೆತ್ತಿಯನ್ನು ಒತ್ತಬೇಡ. ರಾತ್ರಿ ಅತ್ತರೆ ಪ್ರತಿ ಸಲವೂ ಹಸಿವೆಂದು ಎಣಿಸಬೇಡ, ಎತ್ತಿಕೊಂಡು ಸ್ವಲ್ಪ ತಿರುಗಾಡು. ನೀನು ಕೂಡ ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೂ ಅಳಿಯಂದಿರಿಗೂ ಮಗುವಿಗೂ ದೇವರು ಆಯುಸ್ಸು, ಆರೋಗ್ಯ, ನಗುವ ಮನಸ್ಸು ಕೊಡಲಿ. ನಿನ್ನ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಪ್ರೀತಿಯ ಅಮ್ಮ,
ಅಮ್ಮಣ್ಣಿ

ತಾ. ಕ.: ಕಾಗದ ಮಡಚಿ ಲಕೋಟೆಯೊಳಗೆ ಹಾಕಿದವಳು ಮತ್ತೆ ತೆಗೆದೆ. ಬೊಂಬಾಯಿಯ ವಿಷಯ ಆಮೇಲೆ ಹೇಳುತ್ತೇನೆ ಎಂದಿದ್ದೆ. ಹೇಳದೆ ಹಡಗು ಹತ್ತಲು ನನ್ನಿಂದಾಗದು.

ಸಂದರ್ಶನದ ಮರುದಿನ ಬೆಳಿಗ್ಗೆ ನಾನು ಮಾಟುಂಗಕ್ಕೆ ನಿನ್ನ ಮನೆಗೆ ಬಂದಿದ್ದೆ. ತಿಳಿಸದೆ ಬಂದು ನಿನ್ನನ್ನು ಬೆಚ್ಚಿಬೀಳಿಸುವ ಎಂದು ಆಸೆ. ಮಾವನನ್ನು ಕೆಳಗೆ ಅಂಗಡಿಯ ಹತ್ತಿರ ನಿಲ್ಲಿಸಿ ಮೆಟ್ಟಿಲು ಹತ್ತಿದೆ. ಎರಡನೇ ಮಾಳಿಗೆಯಲ್ಲಿ ನಿಮ್ಮ ಪಕ್ಕದ ಮನೆಯಾಕೆ ಹಪ್ಪಳ ಒಣಗಿಸುತ್ತಿದ್ದಳು. ನನ್ನ ಮುಖ ನೋಡಿದ ಕೂಡಲೇ ತುಳುವಿನಲ್ಲಿ, "ನೀವು ಸರಸನ ಅಮ್ಮ ಅಲ್ವಾ? ಅದೇ ಮುಖ! ಟೀಚರಮ್ಮ ಅಲ್ವಾ? ಮೊಮ್ಮಗ ಹುಟ್ಟುವಾಗ ಶಾಲೆಯಲ್ಲಿ ರಜೆ ಕೊಡ್ಲಿಲ್ಲ ಅಂತ ಸರಸ ಎಷ್ಟು ಬೇಜಾರು ಮಾಡಿದ್ಳು!" ಎಂದಳು.

ಸರಸಾ, ನಿನ್ನ ಚೊಚ್ಚಲು ನನ್ನ ಮನೆಯಲ್ಲಿ ಆಗಬೇಕಿತ್ತು. ಬೊಂಬಾಯಿಯ ಆಸ್ಪತ್ರೆಯೇ ಒಳ್ಳೆಯದೆಂದು ಅತ್ತೆಯವರು ಹೇಳಿದರು ಎಂದು ನೀನು ಬರೆದಾಗ, ಇರಬಹುದು ಎಂದುಕೊಂಡೆ. ಅಲ್ಲಿ ಮೆಟ್ಟಿಲಿನ ಮೇಲೆ ನಿಂತಾಗ ನನಗೆ ಎಲ್ಲವೂ ಅರ್ಥವಾಯಿತು. ಅವರ ಮನೆಯಲ್ಲಿ ನನ್ನ ಕೆಲಸ ಹೇಳಿಕೊಳ್ಳುವಂಥದ್ದಲ್ಲ. ನೀನು ಆ ಮನೆಯಲ್ಲಿ ಬಾಳಬೇಕಾದವಳು.

ನಾನು ಆಕೆಗೆ, "ಅಲ್ಲ, ನಾನು ಸರಸನ ಅಮ್ಮ ಅಲ್ಲ. ಮನೆ ತಪ್ಪಿ ಬಂದೆ" ಎಂದೆ.

ಆಗ ನಿನ್ನ ಬಾಗಿಲ ಹಿಂದಿನಿಂದ ಮಗು ಅತ್ತಿತು. ಹಸಿವಿನ ಅಳು. ಶ್ವಾಸ ಚೆನ್ನಾಗಿತ್ತು. ಅಷ್ಟು ಕೇಳಿ ಇಳಿದು ಬಂದೆ. ಮಾವನಿಗೆ, ಮನೆಗೆ ಬೀಗ ಹಾಕಿದೆ ಎಂದೆ. ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಸಿಟ್ಟೇ ಎಂದು ಕೇಳಿದ್ದೀ. ಸಿಟ್ಟಲ್ಲ ಮಗಾ. ಆದರೆ ನೋವಾಯಿತು. ಎರಡು ತಿಂಗಳು ಕಾಗದ ಬರೆಯಲು ಕೈ ಬಾರದೆ ಇದ್ದದ್ದು ಅದಕ್ಕೆ.

ಡಿಸೆಂಬರ್ ಎರಡರಿಂದ ಐದರವರೆಗೆ ನಾನು ಬೊಂಬಾಯಿಯಲ್ಲಿರುತ್ತೇನೆ. ಟೀಚರಮ್ಮನಾಗಿ ನಿನ್ನ ಮನೆಗೆ ಬರಲು ನನ್ನಿಂದಾಗುವುದಿಲ್ಲ. ನರ್ಸಮ್ಮನಾಗಿ ಬಾ ಎಂದು ಒಂದು ಸಾಲು ಬರೆದರೆ ಇಳಿದ ದಿನವೇ ಬರುತ್ತೇನೆ. ಅದು ನಿನಗೆ ಕಷ್ಟವಾದರೆ ಮಗುವನ್ನು ಎತ್ತಿಕೊಂಡು ಬಂದರಿಗೆ ಬಾ. ಅಲ್ಲಿ ಸಾವಿರ ಜನ ಇರುತ್ತಾರೆ, ಯಾರಿಗೂ ನಮ್ಮಿಬ್ಬರ ಗುರುತಿಲ್ಲ. ಹತ್ತು ನಿಮಿಷ ಅವನನ್ನು ನನ್ನ ಕೈಗೆ ಕೊಡು. ಈ ಮೂರು ತಾಲೂಕಿನಲ್ಲಿ ಎಷ್ಟೋ ಮನೆಯ ಮಕ್ಕಳನ್ನು ಅವರ ತಾಯಂದಿರಿಗಿಂತ ಮೊದಲು ಎತ್ತಿಕೊಂಡವಳು ನಾನು. ನನ್ನ ಮೊಮ್ಮಗನನ್ನು ಇನ್ನೂ ಎತ್ತಿಕೊಂಡಿಲ್ಲ.